ಗಟ್ಟಿ ಕಾಲಿಗಿಂತ ಒಂದು ಹೆಚ್ಚಿನ ದಿನ

ಹಿಮಾಲಯದ ಸರೋವರಗಳ ಕಡೆಗೆ ವಾರಗಟ್ಟಲೆ ನಡೆಯಲು ಹೊರಟವರಿಗೆ ನಮ್ಮಲ್ಲಿ ಎಲ್ಲರೂ ಹೇಳುವ ಮಾತು ಒಂದೇ: ‘ಮನಸ್ಸು ಗಟ್ಟಿ ಇದ್ರೆ ಸಾಕು, ಕಾಲು ತಾನಾಗಿ ನಡೆಯುತ್ತೆ.’ ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ‘ಮೂರು ತಿಂಗಳು ಮೊದ್ಲೇ ಓಡೋಕೆ ಶುರು ಮಾಡಿ, ಮೆಟ್ಟಿಲು ಹತ್ತಿ, ಆಮೇಲೆ ಏನೂ ತೊಂದ್ರೆ ಇಲ್ಲ.’ ಹೋಗಿ ಬಂದವರ ಅನುಭವ ಕಥನಗಳೂ ಇದೇ ಜಾಡಿನವು. ಮೊದಲ ದಿನ ಸುಸ್ತು, ಮೂರನೆಯ ದಿನ ‘ಇನ್ನು ನನ್ನ ಕೈಲಾಗದು’ ಎನ್ನಿಸುವ ಗಳಿಗೆ, ಆಗ ಎಲ್ಲಿಂದಲೋ ಉಕ್ಕಿ ಬಂದ ಛಲ, ಕೊನೆಗೆ ನೀಲಿ ನೀರಿನೆದುರು ಕಣ್ಣೀರು. ಓದಿದವರ ಮನಸ್ಸಿನಲ್ಲಿ ಉಳಿಯುವ ತಿಳಿವಳಿಕೆ ಏನೆಂದರೆ, ಸರೋವರ ಒಲಿದದ್ದು ಛಲಕ್ಕೆ. ತಲುಪದೆ ಹೋದವರಲ್ಲಿ ಛಲ ಸಾಲದಾಗಿತ್ತು.

ಈ ನಂಬಿಕೆ ತಪ್ಪು ಎಂಬುದು ನನ್ನ ವಾದ. ಬರೀ ತಪ್ಪಾಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಇದು ಜೀವಕ್ಕೆ ಎರವಾಗಬಲ್ಲ ತಪ್ಪು. ನಾಲ್ಕು ಸಾವಿರ ಮೀಟರಿನ ಆಸುಪಾಸಿನಲ್ಲಿ ಹಲವು ದಿನ ನಡೆಯುವವರನ್ನು ಕಾಯುವುದು ಕೈಯಲ್ಲಿ ಉಳಿದಿರುವ ಬಿಡುವಿನ ದಿನ. ದೇಹ ಒಗ್ಗುವವರೆಗೆ ಕಾಯಲು ಒಂದು ದಿನ, ಮೋಡ ಕವಿದರೆ ಗುಡಾರದಲ್ಲೇ ಕೂರಲು ಒಂದು ದಿನ, ಬೇಕೆನಿಸಿದಾಗ ಹಿಂದೆ ತಿರುಗಲು ಒಂದು ದಿನ. ನಮ್ಮ ಚಾರಣದ ವ್ಯವಸ್ಥೆ ಎಲ್ಲಕ್ಕಿಂತ ಮೊದಲು ಕತ್ತರಿ ಹಾಕಿರುವುದು ಈ ದಿನಗಳಿಗೇ.

‘ಕಾಶ್ಮೀರ ಗ್ರೇಟ್ ಲೇಕ್ಸ್’ ಎಂದು ಹೆಸರಾದ ದಾರಿಯನ್ನೇ ನೋಡೋಣ. ಬೆಂಗಳೂರಿನ ಚಾರಣಿಗರಲ್ಲಿ ಅದರ ಹೆಸರು ಕೇಳದವರು ಕಡಿಮೆ. ಸೋನ್‌ಮರ್ಗ್ ಬಳಿಯಿಂದ ಹೊರಟು ನಾರಾನಾಗ್‌ನಲ್ಲಿ ಇಳಿಯುವ, ಸುಮಾರು 70 ಕಿ.ಮೀ. ಉದ್ದದ, ಆರೇಳು ದಿನಗಳ ನಡಿಗೆ. ದಾಟಬೇಕಾದವು ಬೆಟ್ಟಸಾಲಿನ ನಡುವಿನ ಮೂರು ಪಾಸ್‌ಗಳು. ಅವುಗಳಲ್ಲಿ ಎತ್ತರದ್ದು ಗಡ್‌ಸರ್, ಸುಮಾರು 4,200 ಮೀಟರ್. ದಾರಿಯುದ್ದಕ್ಕೂ ವಿಶನ್‌ಸರ್, ಕಿಶನ್‌ಸರ್, ಗಡ್‌ಸರ್, ಸತ್‌ಸರ್ ಸರೋವರಗಳು. ಕೊನೆಗೆ 5,142 ಮೀಟರಿನ ಹರ್‌ಮುಖ್ ಶಿಖರದ ಬುಡದಲ್ಲಿ ನುಂದ್‌ಕೋಲ್ ಮತ್ತು ಗಂಗಾಬಲ್. ಇಷ್ಟು ಚೆಂದದ ನಡಿಗೆ ದೇಶದಲ್ಲಿ ಹೆಚ್ಚಿಲ್ಲ ಎಂದು ಯಾರಾದರೂ ಹೇಳಿದರೆ ನಾನು ತಕರಾರು ತೆಗೆಯುವುದಿಲ್ಲ.

ಈಗ ಅದರ ವೇಳಾಪಟ್ಟಿಯನ್ನು ನೋಡಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಚಿಲ್ಲರೆ ಎತ್ತರದಲ್ಲಿದೆ. ವಿಮಾನ ಇಳಿಯುವ ಶ್ರೀನಗರ ಸುಮಾರು 1,600. ಸಂಜೆಗೆ ಸೋನ್‌ಮರ್ಗ್, ಸುಮಾರು 2,700. ಮರುದಿನವೇ ನಡಿಗೆ ಶುರು; ಆ ರಾತ್ರಿ ಮಲಗುವುದು ನಿಚ್‌ನಾಯ್ ಬಳಿ, ಸುಮಾರು 3,500 ಮೀಟರಿನಲ್ಲಿ. ಅದರ ಮರುದಿನ ನಾಲ್ಕು ಸಾವಿರ ಮೀಟರ್ ದಾಟಿದ ಪಾಸ್. ಮೂರು ಸಾವಿರ ಮೀಟರಿನ ಮೇಲೆ, ಒಂದು ರಾತ್ರಿ ಮಲಗಿದ ಎತ್ತರಕ್ಕಿಂತ ಮರುರಾತ್ರಿ 500 ಮೀಟರಿಗಿಂತ ಮೇಲೆ ಮಲಗಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಒಂದು ದಿನ ಸುಮ್ಮನಿರಬೇಕು ಎಂಬುದು ಎತ್ತರ ಪ್ರದೇಶದ ಕಾಯಿಲೆಗಳ ವೈದ್ಯರು ಒಪ್ಪಿಕೊಂಡಿರುವ ಸಾಮಾನ್ಯ ನಿಯಮ. ಕೆಲವು ಸಂಘಟಕರು ವಿಶನ್‌ಸರ್ ದಡದಲ್ಲಿ ಒಂದು ದಿನ ನಿಲ್ಲಿಸುತ್ತಾರೆ. ಹಾಗೆ ನಿಲ್ಲಿಸದೆ ಸಾಗುವ ವೇಳಾಪಟ್ಟಿಗಳೂ ಬೇಕಾದಷ್ಟಿವೆ. ಗಡ್‌ಸರ್ ಪಾಸ್ ದಾಟಿದ ಮೇಲಂತೂ ಹತ್ತಿರದಲ್ಲಿ ಮೋಟಾರು ರಸ್ತೆಯೇ ಇಲ್ಲ. ಅಸ್ವಸ್ಥರಾದವರನ್ನು ಕುದುರೆಯ ಮೇಲೋ ಹೆಗಲ ಮೇಲೋ ಹೊತ್ತು ತರಬೇಕು.

ಇಂಥ ವೇಳಾಪಟ್ಟಿಯನ್ನು ನಂಬಿ ಹೊರಡುವವರಿಗೆ ‘ನಿಮ್ಮ ಫಿಟ್‌ನೆಸ್ ತೋರಿಸಿ’ ಎಂದು ಕೇಳುತ್ತಾರೆ. ಐದು ಕಿಲೋಮೀಟರ್ ಇಂತಿಷ್ಟು ನಿಮಿಷದಲ್ಲಿ ಓಡಿದ್ದಕ್ಕೆ ಫೋನಿನ ಆ್ಯಪ್‌ನಿಂದ ಸಾಕ್ಷಿ ಕಳಿಸಬೇಕು. ಓಡುವುದು ಒಳ್ಳೆಯದೇ, ಅದನ್ನು ನಾನು ಹಗುರ ಮಾಡುತ್ತಿಲ್ಲ. ಕಾಲಿಗೆ ಅಭ್ಯಾಸವಿದ್ದವರು ಇಳಿಜಾರಿನಲ್ಲಿ ಎಡವುವುದು ಕಡಿಮೆ, ಬಂಡೆಗಳ ಮೇಲೆ ಹೆಜ್ಜೆ ಸರಿಯಾಗಿ ಬೀಳುತ್ತದೆ, ಸಂಜೆಗೆ ಊಟ ಸೇರುವಷ್ಟು ಉಸಿರು ಉಳಿದಿರುತ್ತದೆ. ಆದರೆ ನಾಲ್ಕು ಸಾವಿರ ಮೀಟರಿನಲ್ಲಿ ಗಾಳಿಯಿಂದ ದಕ್ಕುವ ಆಮ್ಲಜನಕ ಸಮುದ್ರಮಟ್ಟದಲ್ಲಿ ದಕ್ಕುವುದರ ಶೇ 60ರಷ್ಟು ಮಾತ್ರ. ಈ ಕೊರತೆಗೆ ದೇಹ ಹೊಂದಿಕೊಳ್ಳುವುದು ಸ್ನಾಯುಗಳಿಂದಲ್ಲ. ಉಸಿರಾಟ ಆಳವಾಗಬೇಕು, ಅದರಿಂದ ರಕ್ತದಲ್ಲಿ ಏರುಪೇರಾದ ಕ್ಷಾರವನ್ನು ಮೂತ್ರಪಿಂಡಗಳು ಹೊರಹಾಕಿ ಸರಿದೂಗಿಸಬೇಕು. ಅದಕ್ಕೆ ದಿನಗಳು ಹಿಡಿಯುತ್ತವೆ. ಹಾಲಿಗೆ ಹೆಪ್ಪು ಹಾಕಿ ‘ಬೇಗ ಮೊಸರಾಗು’ ಎಂದು ಎಷ್ಟು ಛಲದಿಂದ ಹೇಳಿದರೂ ಅದು ತನ್ನ ಹೊತ್ತನ್ನು ತೆಗೆದುಕೊಂಡೇ ತೀರುತ್ತದೆ, ರಕ್ತವೂ ಹಾಗೆಯೇ. ಇದಕ್ಕೆ ಕರ್ನಾಟಕದಲ್ಲಿ ತಾಲೀಮು ಮಾಡುವ ಜಾಗವೇ ಇಲ್ಲ. ನಮ್ಮ ಅತಿ ಎತ್ತರದ ಮುಳ್ಳಯ್ಯನಗಿರಿ ಎರಡು ಸಾವಿರ ಮೀಟರನ್ನೂ ಮುಟ್ಟುವುದಿಲ್ಲ. ಕುಮಾರಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿದವರು ನಿಜಕ್ಕೂ ಗಟ್ಟಿಗರು. ಆ ಗಟ್ಟಿತನ ಅವರ ಮೂತ್ರಪಿಂಡಕ್ಕೆ ಏನನ್ನೂ ಕಲಿಸಿರುವುದಿಲ್ಲ.

ಇದು ನನ್ನ ಊಹೆಯಲ್ಲ. 1962ರ ಚೀನಾ ಯುದ್ಧದ ಕಾಲದಲ್ಲಿ ನಮ್ಮ ಸೇನೆ ಸಾವಿರಾರು ಯೋಧರನ್ನು ಬಯಲುಸೀಮೆಯಿಂದ ಹಿಮಾಲಯದ ನೆತ್ತಿಗೆ ಅವಸರದಲ್ಲಿ ಸಾಗಿಸಬೇಕಾಯಿತು. ಹಾಗೆ ಮೇಲೇರಿ ಕಾಯಿಲೆ ಬಿದ್ದ 1,925 ಸೈನಿಕರನ್ನು ಕುರಿತು ಇಂದರ್ ಸಿಂಗ್ ಮತ್ತು ಸಂಗಡಿಗ ವೈದ್ಯರು 1969ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬರೆದರು. ಎತ್ತರದ ಕಾಯಿಲೆಯ ಬಗ್ಗೆ ಜಗತ್ತಿಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ನಮ್ಮ ಈ ಸೈನಿಕರ ದೇಹಗಳು ಕಲಿಸಿದ್ದು. ಅವರು ದಿನವೂ ಕವಾಯತು ಮಾಡುವ, ಹೊರೆ ಹೊತ್ತು ಓಡುವ ಹರೆಯದವರು. ಗಟ್ಟಿ ಮನಸ್ಸು, ಗಟ್ಟಿ ಕಾಲು ಎರಡೂ ಇದ್ದವರೆಂದರೆ ಅವರೇ. ಆದರೂ ಬಿದ್ದರು, ಏಕೆಂದರೆ ಬೇಗ ಹೋದರು.

ಇನ್ನೊಂದು ಅಧ್ಯಯನ ನೇರವಾಗಿ ಚಾರಣಿಗರದ್ದೇ. ಎವರೆಸ್ಟ್ ತಪ್ಪಲಿನ ಫೆರಿಚೆ ಎಂಬ ಹಳ್ಳಿಯಲ್ಲಿ, 4,243 ಮೀಟರಿನಲ್ಲಿ, ಪೀಟರ್ ಹ್ಯಾಕೆಟ್ ಮತ್ತು ಸಂಗಡಿಗರು ದಾರಿಯಲ್ಲಿ ಬಂದ 278 ಮಂದಿಯನ್ನು ಪರೀಕ್ಷಿಸಿ 1976ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದರು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ, ಶೇ 53ರಷ್ಟು, ಎತ್ತರದ ಕಾಯಿಲೆಯ ಲಕ್ಷಣಗಳಿದ್ದವು. ಯಾರಲ್ಲಿ ಹೆಚ್ಚು? ವಿಮಾನದಲ್ಲಿ 2,800 ಮೀಟರಿಗೆ ಬಂದಿಳಿದವರಲ್ಲಿ, ಬೇಗಬೇಗ ಹತ್ತಿದವರಲ್ಲಿ, ಒಗ್ಗಿಕೊಳ್ಳಲು ಕಡಿಮೆ ರಾತ್ರಿ ಕಳೆದವರಲ್ಲಿ. ಮತ್ತೆ, ಹರೆಯದವರಲ್ಲಿ. ಬೆನ್ನ ಮೇಲೆ ಎಷ್ಟು ಹೊರೆ ಇತ್ತು ಎಂಬುದಕ್ಕೂ ಕಾಯಿಲೆಗೂ ಸಂಬಂಧ ಕಾಣಲಿಲ್ಲ. ಹಿಂದೆ ಎತ್ತರಕ್ಕೆ ಹೋಗಿ ಬಂದ ಅನುಭವವೂ ರಕ್ಷಿಸಲಿಲ್ಲ. ಐವತ್ತು ವರ್ಷದ ಹಿಂದೆಯೇ ಅಚ್ಚಾಗಿರುವ ಈ ಸಂಗತಿ ನಮ್ಮ ಚಾರಣದ ಮಾತುಕತೆಯೊಳಗೆ ಇನ್ನೂ ಇಳಿದಿಲ್ಲ. ಇಳಿದಿದ್ದರೆ ಸಂಘಟಕರು ಓಟದ ವೇಗದ ಜೊತೆಗೆ ‘ಎಷ್ಟು ದಿನ ಕೊಡಬಲ್ಲಿರಿ’ ಎಂದೂ ಕೇಳುತ್ತಿದ್ದರು.

ಇದಕ್ಕೆಲ್ಲ ಅಧ್ಯಯನವೂ ಬೇಕಿಲ್ಲ. ಕಾಶ್ಮೀರದ ಆ ದಾರಿಯಲ್ಲೇ ಕಣ್ಣೆದುರಿಗೆ ಸಾಕ್ಷಿ ಇದೆ. ಬೇಸಿಗೆಯಲ್ಲಿ ವಿಶನ್‌ಸರ್, ಸತ್‌ಸರ್, ಗಂಗಾಬಲ್ ಸುತ್ತಲಿನ ಹುಲ್ಲುಗಾವಲುಗಳಲ್ಲಿ ಗುಜ್ಜರ್ ಮತ್ತು ಬಕರ್‌ವಾಲ್ ಕುಟುಂಬಗಳು ಕುರಿ, ಮೇಕೆ, ಎಮ್ಮೆ, ಕುದುರೆಗಳೊಂದಿಗೆ ಬೀಡುಬಿಟ್ಟಿರುತ್ತವೆ. ಅಲ್ಲಿ ಅಜ್ಜಿಯರಿದ್ದಾರೆ, ಕಂಕುಳ ಕೂಸುಗಳಿವೆ, ಬಸುರಿಯರಿದ್ದಾರೆ. ಬಕರ್‌ವಾಲರು ಹೊರಡುವುದು ಜಮ್ಮುವಿನ ಕಡೆಯ ತಗ್ಗಿನ ಬೆಟ್ಟಗಳಿಂದ. ವಸಂತದಲ್ಲಿ ಹೊರಟು, ಹುಲ್ಲು ಮೇಲೇರಿದಂತೆ ತಾವೂ ಮೇಲೇರುತ್ತ, ವಾರಗಟ್ಟಲೆ ನಡೆದು ಎತ್ತರ ಸೇರುತ್ತಾರೆ. ಆಡುಮರಿ ನಡೆಯುವಷ್ಟೇ ಅವರ ವೇಗ. ಮಳೆ ಹಿಡಿದರೆ ನಿಲ್ಲುತ್ತಾರೆ, ಹಳ್ಳ ತುಂಬಿದರೆ ಇಳಿಯುವವರೆಗೆ ಕಾಯುತ್ತಾರೆ. ಅವರ ಬದುಕು ಸುಖದ್ದೆಂದು ನಾನು ಹೇಳುತ್ತಿಲ್ಲ. ವೈದ್ಯರಿಲ್ಲದ, ಶಾಲೆ ದೂರವಿರುವ, ಹುಲ್ಲಿನ ಹಕ್ಕಿಗಾಗಿ ಹೆಣಗುವ ಕಷ್ಟದ ಬದುಕು ಅದು. ಹುಟ್ಟಿನಿಂದ ಬೆಟ್ಟದ ಗಾಳಿಗೆ ಪಳಗಿದ ದೇಹ ಅವರದು ಎಂಬುದೂ ನಿಜ. ಆದರೆ ನಮ್ಮ ಯುವಕರು ಏದುಸಿರು ಬಿಡುತ್ತ ‘ಅಂತೂ ಗೆದ್ದೆ’ ಎಂದು ಕೈಯೆತ್ತಿ ಫೋಟೊ ತೆಗೆಸಿಕೊಳ್ಳುವ ಅದೇ ದಡದಲ್ಲಿ ಒಬ್ಬ ಮುದುಕಿ ರೊಟ್ಟಿ ಸುಡುತ್ತಿರುತ್ತಾಳೆ. ಆಕೆಯನ್ನು ಅಲ್ಲಿಗೆ ತಲುಪಿಸಿದ್ದರಲ್ಲಿ ನಿಧಾನಕ್ಕೆ ದೊಡ್ಡ ಪಾಲಿದೆ.

ಉತ್ತರಾಖಂಡದ ನಂದಾದೇವಿ ರಾಜಜಾತ್ ಕೂಡ ಇದೇ ರೀತಿಯದು. ಸಾಮಾನ್ಯವಾಗಿ ಹನ್ನೆರಡು ವರ್ಷಕ್ಕೊಮ್ಮೆ ನಡೆಯುವ, 2014ರಲ್ಲಿ ನಡೆದ ಆ ಯಾತ್ರೆ ಸುಮಾರು 280 ಕಿ.ಮೀ. ಸಾಗಿ ರೂಪಕುಂಡ ಸರೋವರದ ಮೇಲಿಂದ ಹಾದು ಹೋಮಕುಂಡ ಸೇರುತ್ತದೆ. ಸುಮಾರು ಮೂರು ವಾರ ಹಿಡಿಯುತ್ತದೆ, ಹಳ್ಳಿಹಳ್ಳಿಯಲ್ಲೂ ತಂಗುತ್ತದೆ. ಪರ್ವತದ ಜನ ಸರೋವರಕ್ಕೆ ಹೋಗಲು ಕಂಡುಕೊಂಡ ಕ್ರಮ ಅದು.

ಛಲದ ಮಾತಿಗೆ ಬರೋಣ. ಇಲ್ಲಿ ನನ್ನ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಆಮ್ಲಜನಕದ ಕೊರತೆ ಮತ್ತು ಕೊರೆಯುವ ಚಳಿ, ಎರಡೂ ಬೇಗನೆ ಕೈಹಾಕುವುದು ಮಿದುಳಿಗೆ. ಎತ್ತರದ ಕಾಯಿಲೆ ಮಿದುಳಿಗೆ ಏರಿದಾಗ ಕಾಣುವ ಲಕ್ಷಣಗಳು ತೂರಾಡುವ ನಡಿಗೆ, ಗೊಂದಲ, ಸಂಬಂಧವಿಲ್ಲದ ಮಾತು. ಮೈ ಶಾಖ ಇಳಿಯತೊಡಗಿದಾಗಲೂ ಹೀಗೆಯೇ: ಬೆರಳು ಜಿಪ್ ಎಳೆಯಲಾರದು, ನಾಲಿಗೆ ತೊದಲುತ್ತದೆ, ಏನು ಮಾಡಬೇಕೆಂಬ ವಿವೇಚನೆ ಮಂಕಾಗುತ್ತದೆ. ಯಾವ ಮನಸ್ಸನ್ನು ಗಟ್ಟಿ ಮಾಡಿಕೊಂಡು ನಡೆಯಿರಿ ಎಂದು ನಾವು ಹೇಳುತ್ತೇವೋ ಆ ಮನಸ್ಸೇ ಅಲ್ಲಿ ಕೈಕೊಡುತ್ತದೆ. ‘ನಾನು ಚೆನ್ನಾಗಿದ್ದೇನೆ, ಮುಂದೆ ಹೋಗೋಣ’ ಎಂದು ಹಟ ಹಿಡಿಯುವವನು ಆ ಹೊತ್ತಿನಲ್ಲಿ ತನ್ನ ಬಗ್ಗೆ ತಾನೇ ತೀರ್ಪು ಕೊಡಲಾರದ ಸ್ಥಿತಿಯಲ್ಲಿರಬಹುದು. ಅಂಥವನಿಗೆ ಛಲ ತುಂಬುವುದೆಂದರೆ ಅವನನ್ನು ಕೆಳಗಿಳಿಸಬೇಕಾದ ಹೊತ್ತಿನಲ್ಲಿ ಮೇಲಕ್ಕೆ ನೂಕಿದ ಹಾಗೆ.

ಛಲದ ಪೂಜೆ ಇನ್ನೊಂದು ಹಾನಿಯನ್ನೂ ಮಾಡುತ್ತದೆ. ಅದು ಜನರ ಬಾಯಿ ಕಟ್ಟುತ್ತದೆ. ಸಂಜೆ ಊಟದ ಗುಡಾರದಲ್ಲಿ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ಆಮ್ಲಜನಕದ ಮಟ್ಟ ಬರೆದುಕೊಳ್ಳುವ ಪದ್ಧತಿ ಈಗ ಸಾಮಾನ್ಯವಾಗಿದೆ. ಒಳ್ಳೆಯ ಪದ್ಧತಿಯೇ. ಆದರೆ ಅಲ್ಲಿ ನಡೆಯುವುದನ್ನು ನಾನು ಕಂಡಿದ್ದೇನೆ. ತಮ್ಮ ಸರದಿ ಬರುವ ಮುಂಚೆ ಜನ ಜೋರಾಗಿ ಉಸಿರೆಳೆದುಕೊಂಡು ಅಂಕಿಯನ್ನು ಮೇಲೇರಿಸಲು ನೋಡುತ್ತಾರೆ. ‘ನಂದು 91, ನಿಂದೆಷ್ಟು?’ ಎಂದು ಪರೀಕ್ಷೆಯ ಅಂಕ ಹೋಲಿಸಿದಂತೆ ಹೋಲಿಸುತ್ತಾರೆ. ಒಂದು ರಾತ್ರಿ ನನ್ನ ಪಕ್ಕ ಮಲಗಿದ್ದ ಹುಡುಗಿಯೊಬ್ಬಳು ತಲೆ ಸಿಡಿಯುತ್ತಿದೆ, ಎರಡು ಸಲ ವಾಂತಿಯಾಯಿತು ಎಂದು ಪಿಸುಗುಟ್ಟಿದಳು. ‘ಲೀಡರ್‌ಗೆ ಹೇಳಬೇಡಿ ಅಕ್ಕ, ಕೆಳಗೆ ಕಳಿಸಿಬಿಡ್ತಾರೆ. ಆಫೀಸ್‌ನಲ್ಲಿ ಎಲ್ರಿಗೂ ಹೇಳ್ಕೊಂಡು ಬಂದಿದೀನಿ’ ಎಂದಳು. ನಾನು ಎದ್ದು ಹೋಗಿ ಹೇಳಿದೆ. ಬೆಳಿಗ್ಗೆ ಅವಳನ್ನು ಒಬ್ಬ ಸಹಾಯಕನ ಜೊತೆ ಕೆಳಗೆ ಕಳಿಸಿದರು, ಇಳಿಯುತ್ತಿದ್ದಂತೆಯೇ ಚೇತರಿಸಿಕೊಂಡಳು. ಹೋಗುವಾಗ ಅವಳು ಅತ್ತದ್ದು ತಲೆನೋವಿಗಲ್ಲ, ನಾಚಿಕೆಗೆ. ಕೆಳಗಿಳಿಯುವುದನ್ನು ನಾಚಿಕೆಯ ಸಂಗತಿ ಮಾಡಿದವರು ನಾವು, ಈ ಛಲದ ಕಥೆಗಳನ್ನು ಹೇಳುತ್ತ ಬಂದವರು. ಹೊಸ ಎತ್ತರದಲ್ಲಿ ತಲೆನೋವು ಬಂದರೆ ಅದು ಎತ್ತರದ ಕಾಯಿಲೆಯೆಂದೇ ಮೊದಲು ಹಿಡಿಯಬೇಕು, ಅದು ಇಳಿಯುವವರೆಗೆ ಮೇಲೆ ಹೋಗಬಾರದು, ಹೆಚ್ಚಿದರೆ ಕೆಳಗಿಳಿಯಬೇಕು. ಇದು ಕಷ್ಟದ ನಿಯಮವಲ್ಲ. ಪಾಲಿಸಲು ಕಷ್ಟವಾಗುವುದು ಒಂದು ದಿನವೂ ಉಳಿದಿರದ ವೇಳಾಪಟ್ಟಿಯಲ್ಲಿ.

ಆ ದಿನ ಎಲ್ಲಿಗೆ ಹೋಯಿತು ಎಂದು ಕೇಳಿದರೆ ಉತ್ತರ ಸರಳ. ಉದ್ಯೋಗಿಗೆ ಸಿಗುವುದು ಐದು ದಿನ ರಜೆ, ಹಿಂದೊಂದು ಮುಂದೊಂದು ವಾರಾಂತ್ಯ. ಒಂಬತ್ತು ದಿನದಲ್ಲಿ ವಿಮಾನ, ವ್ಯಾನು, ನಡಿಗೆ ಎಲ್ಲ ಮುಗಿಯಬೇಕು. ಮರಳುವ ವಿಮಾನದ ಟಿಕೆಟ್ಟು ಮೂರು ತಿಂಗಳ ಹಿಂದೆಯೇ ಖರೀದಿಯಾಗಿರುತ್ತದೆ. ಸಂಘಟಕರ ಕಡೆಯಿಂದ ನೋಡಿದರೆ, ಒಂದು ತಂಡ ಬಿಟ್ಟ ಗುಡಾರಕ್ಕೆ ಮರುದಿನ ಇನ್ನೊಂದು ತಂಡ ಬಂದು ಸೇರುತ್ತದೆ. ಹೀಗೆ ಸರಪಳಿಯಂತೆ ತಂಡಗಳು ಸಾಗುತ್ತಿರುವ ಕಡೆ ಒಂದು ತಂಡ ಒಂದು ದಿನ ನಿಂತರೆ ಹಿಂದಿನದೆಲ್ಲ ನಿಲ್ಲಬೇಕು. ಹೀಗಾಗಿ ಮೋಡ ಕವಿದರೂ ಹೊರಡು, ತಲೆ ನೋಯುತ್ತಿದ್ದರೂ ಹೊರಡು. ಯಾರೂ ಕೆಟ್ಟವರಲ್ಲ. ಲೀಡರ್ ಹುಡುಗರಲ್ಲಿ ಬಹುಪಾಲು ಜನ ಜೀವಕ್ಕೆ ಜೀವ ಕೊಡುವವರು. ಆದರೆ ಅವರ ಕೈಯಲ್ಲಿ ಕೊಡಲು ದಿನವಿರುವುದಿಲ್ಲ.

ದಿನವಿಲ್ಲದಿರುವುದರ ಬೆಲೆ ಹವಾಮಾನ ಕೆಟ್ಟಾಗ ಗೊತ್ತಾಗುತ್ತದೆ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿತು. ಅದರ ಬಾಲ ಉತ್ತರಕ್ಕೆ ತಿರುಗಿ ಎರಡೇ ದಿನದಲ್ಲಿ ನೇಪಾಳದ ಅನ್ನಪೂರ್ಣ ಸುತ್ತಿನಲ್ಲಿ ಹಿಮಗಾಳಿಯಾಗಿ ಬಿತ್ತು. ಅಂದು 5,416 ಮೀಟರಿನ ಥೊರಾಂಗ್ ಲಾ ದಾಟಲು ಹೊರಟವರು ಸಿಲುಕಿದರು. ಆ ಹಿಮಗಾಳಿ, ಹಿಮಕುಸಿತಗಳಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ ಸತ್ತರು. ಸತ್ತವರಲ್ಲಿ ನೇಪಾಳದ ಮಾರ್ಗದರ್ಶಕರಿದ್ದರು, ಹೊರೆ ಹೊರುವವರಿದ್ದರು, ಯಾಕ್ ಕಾಯುವವರಿದ್ದರು. ಅವರಿಗಿಂತ ಗಟ್ಟಿ ಕಾಲಿನವರನ್ನು ಎಲ್ಲಿಂದ ತರೋಣ? ಚಂಡಮಾರುತ ಬರುತ್ತಿರುವುದು ಜಗತ್ತಿಗೆಲ್ಲ ಗೊತ್ತಿತ್ತು. ಆ ಬೆಳಿಗ್ಗೆ ಕೆಳಗೆ ಸುಮ್ಮನೆ ಕೂತವರಿಗೆ ಸಿಕ್ಕ ರಕ್ಷಣೆ ಯಾವ ದೇಹಬಲದಿಂದಲೂ ಸಿಗುವಂಥದ್ದಲ್ಲ.

2024ರ ಜೂನ್ ಮೊದಲ ವಾರವನ್ನು ಕರ್ನಾಟಕ ಮರೆಯಲಾರದು. ಉತ್ತರಾಖಂಡದ ಸಹಸ್ರತಾಲ ಸರೋವರಕ್ಕೆ ಹೋಗಿದ್ದ 22 ಜನರ ತಂಡ, ಹೆಚ್ಚಿನವರು ನಮ್ಮ ರಾಜ್ಯದವರೇ, ಹಿಮಗಾಳಿಗೆ ಸಿಲುಕಿತು. ಒಂಬತ್ತು ಜನ ತೀರಿಕೊಂಡರು. ವಾಯುಪಡೆಯ ಹೆಲಿಕಾಪ್ಟರುಗಳು ಹೋದವು, ಕಂದಾಯ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನಿಗೆ ತೆರಳಿ ನಿಂತರು, ಉಳಿದ 13 ಮಂದಿಯನ್ನು ಕೆಳಗೆ ತಂದರು. ಅಂದು ಆ ಎತ್ತರದಲ್ಲಿ ಯಾರು ಏನು ಮಾಡಬೇಕಿತ್ತು ಎಂದು ಇಲ್ಲಿ ಬೆಚ್ಚಗೆ ಕೂತು ತೀರ್ಪು ಹೇಳುವುದು ಸಲ್ಲದು, ನಾನು ಹೇಳುವುದೂ ಇಲ್ಲ. ಹೇಳಬೇಕಾದದ್ದು ಆ ವಾರ ಇಲ್ಲಿ ನಾನು ಕೇಳಿದ ಮಾತುಗಳ ಬಗ್ಗೆ. ‘ಆ ವಯಸ್ಸಿನಲ್ಲಿ ಯಾಕೆ ಹೋಗಬೇಕಿತ್ತು?’ ‘ಫಿಟ್ ಆಗಿದ್ರಾ ಅಂತ ನೋಡಿದ್ರಾ?’ ಮನೆಮನೆಯಲ್ಲೂ ಇದೇ. ಶೋಕದಲ್ಲಿದ್ದ ಕುಟುಂಬಗಳ ಕಿವಿಗೆ ಈ ಮಾತು ಬಿದ್ದಿರಬಹುದು ಎಂದು ನೆನೆದರೆ ಸಂಕಟವಾಗುತ್ತದೆ. ಬಟಾಬಯಲಿನಲ್ಲಿ ಹಿಮಗಾಳಿ ಹಿಡಿದರೆ ಅದು ಯಾರ ಜನ್ಮದಿನಾಂಕವನ್ನೂ ಕೇಳುವುದಿಲ್ಲ. ನಾವು ಕೇಳಬೇಕಾಗಿದ್ದ ಪ್ರಶ್ನೆಗಳು ಬೇರೆ: ಇಂಥ ದಾರಿಗಳಲ್ಲಿ ಹವಾಮಾನದ ಮುನ್ಸೂಚನೆ ತಂಡಗಳಿಗೆ ದಿನವೂ ತಲುಪುವ ವ್ಯವಸ್ಥೆ ಇದೆಯೇ? ಕಾಯಲು ದಿನ, ಕಾಯುವಷ್ಟು ಅಕ್ಕಿ-ಬೇಳೆ-ಸೀಮೆಎಣ್ಣೆ ಲೆಕ್ಕದಲ್ಲಿ ಇರುತ್ತದೆಯೇ? ಮಧ್ಯಾಹ್ನ ಇಂತಿಷ್ಟು ಗಂಟೆಗೆ ಎಲ್ಲಿದ್ದರೂ ಹಿಂದಿರುಗಬೇಕು ಎಂಬ ಕಟ್ಟು ಇರುತ್ತದೆಯೇ? ಸಾವಿನ ಹೊಣೆಯನ್ನು ಸತ್ತವರ ದೇಹದ ಮೇಲೆ ಹೊರಿಸಿ ಈ ಪ್ರಶ್ನೆಗಳಿಂದ ನಾವು ನುಣುಚಿಕೊಂಡೆವು.

ನನ್ನ ಮಾತಿಗೆ ಬರುವ ಆಕ್ಷೇಪಣೆಗಳಲ್ಲಿ ತೂಕದ್ದು ಒಂದಿದೆ. ಈ ಬಿಗಿಯಾದ, ಅಗ್ಗದ, ದಿನಾಂಕ ನಿಗದಿಯಾದ ಚಾರಣಗಳಿಂದಲೇ ಅಲ್ಲವೇ ಹಿಮಾಲಯ ಸಾಮಾನ್ಯರ ಕೈಗೆ ಬಂದದ್ದು? ಒಂದು ಕಾಲಕ್ಕೆ ಅಲ್ಲಿಗೆ ಹೋಗುತ್ತಿದ್ದವರು ಹಣವಿದ್ದವರು, ಇಲ್ಲವೇ ಪರ್ವತಾರೋಹಣ ಸಂಸ್ಥೆಗಳಲ್ಲಿ ಕಲಿತವರು. ಈಗ ಹಾಸನದ ಶಾಲೆಯೊಂದರ ಮೇಡಂ ಒಬ್ಬರೇ ಹೋಗಿ ಬರುತ್ತಾರೆ, ಹುಬ್ಬಳ್ಳಿಯ ಬ್ಯಾಂಕ್ ಗುಮಾಸ್ತರು ಹೋಗುತ್ತಾರೆ, ಮನೆಯಿಂದ ಹೊರಗೆ ಹೆಜ್ಜೆಯಿಡಲು ನೂರು ಜನರ ಅಪ್ಪಣೆ ಬೇಕಿದ್ದ ಹೆಣ್ಣುಮಕ್ಕಳು ಹೋಗುತ್ತಾರೆ. ಎರಡು ದಿನ ಹೆಚ್ಚಿಸಿದರೆ ಖರ್ಚು ಹೆಚ್ಚುತ್ತದೆ, ರಜೆ ಸಾಲದೆ ಇವರೇ ಮೊದಲು ಹೊರಗುಳಿಯುತ್ತಾರೆ. ಇದು ನಿಜ, ಮತ್ತು ನನಗೆ ಇದು ಮುಖ್ಯ. ಆದರೆ ಇದಕ್ಕೆ ಪರಿಹಾರ ಗಡ್‌ಸರ್ ದಾರಿಯನ್ನು ಆರು ದಿನಕ್ಕೆ ಅದುಮುವುದಲ್ಲ. ಒಂಬತ್ತು ದಿನ ಇರುವವರಿಗೆ ಒಂಬತ್ತು ದಿನದಲ್ಲಿ ನಿಶ್ಚಿಂತೆಯಿಂದ ಆಗುವ ನಡಿಗೆಯನ್ನು ತೋರಿಸಬೇಕು. ನಾರಾನಾಗ್‌ನಿಂದಲೇ ಹತ್ತಿ ಗಂಗಾಬಲ್ ಮತ್ತು ನುಂದ್‌ಕೋಲ್ ನೋಡಿ ಅದೇ ದಾರಿಯಲ್ಲಿ ಇಳಿಯಬಹುದು. ಕಾಶ್ಮೀರದ ಅರಸ ಲಲಿತಾದಿತ್ಯನ ಕಾಲದವೆನ್ನುವ ನಾರಾನಾಗ್ ದೇಗುಲಗಳ ಬಳಿ ಒಂದು ದಿನ ತಂಗಿ, ನಡುವೆ ಇನ್ನೊಂದು ದಿನ ನಿಂತು ಹತ್ತಿದರೂ ದಿನ ಮಿಗುತ್ತದೆ. ತಲೆ ನೊಂದರೆ ಬಂದ ದಾರಿ ಹಿಂದೆಯೇ ಇರುತ್ತದೆ. ಆರು ಸರೋವರದ ಬದಲು ಎರಡು. ಎಣಿಕೆಯಲ್ಲಿ ಕಡಿಮೆ ಎಂದು ಇದನ್ನು ಕೊಳ್ಳುವವರು ಕಡಿಮೆ. ಆ ಎಣಿಕೆಯೇ ನಾನು ವಿರೋಧಿಸುತ್ತಿರುವ ರೋಗದ ಒಂದು ಲಕ್ಷಣ.

ಇನ್ನೊಂದು ಆಕ್ಷೇಪ ಹುಲ್ಲುಗಾವಲಿನ ಪರವಾಗಿ ಬರುತ್ತದೆ. ಜನ ಹೆಚ್ಚು ದಿನ ತಂಗಿದರೆ ಆ ನೆಲ ಹಾಳಾಗುವುದಿಲ್ಲವೇ? ಉತ್ತರಾಖಂಡದ ಹೈಕೋರ್ಟ್ 2018ರ ಆಗಸ್ಟ್‌ನಲ್ಲಿ ಬುಗ್ಯಾಲ್‌ಗಳಲ್ಲಿ, ಅಂದರೆ ಎತ್ತರದ ಹುಲ್ಲುಗಾವಲುಗಳಲ್ಲಿ, ರಾತ್ರಿ ತಂಗುವುದನ್ನೇ ನಿಷೇಧಿಸಿದ್ದು ಇದೇ ಕಾರಣಕ್ಕೆ. ದಿನಕ್ಕೆ 200 ಜನರ ಮಿತಿಯನ್ನೂ ಹಾಕಿತು. ನೆಲದ ಬಗೆಗಿನ ಆ ಕಾಳಜಿ ಸರಿಯಾದದ್ದು. ಆದರೆ ನೆಲಕ್ಕೆ ಭಾರವಾಗುವುದು ಒಬ್ಬ ವ್ಯಕ್ತಿ ಕಳೆದ ಒಂದು ಹೆಚ್ಚಿನ ರಾತ್ರಿಗಿಂತ, ದಿನಕ್ಕೊಂದರಂತೆ ಬಂದಿಳಿಯುವ ತಂಡಗಳ ಸಾಲು. ಜನರನ್ನು ಕಡಿಮೆ ಮಾಡಿ ದಿನಗಳನ್ನು ಹೆಚ್ಚು ಮಾಡಿದರೆ ಹುಲ್ಲೂ ಉಳಿಯುತ್ತದೆ, ನಡೆಯುವವರೂ ಉಳಿಯುತ್ತಾರೆ. ಸಂಘಟಕರ ಆದಾಯ ಇಳಿಯುತ್ತದೆ, ಒಪ್ಪುತ್ತೇನೆ. ಆ ನಷ್ಟವನ್ನು ಚಾರಣಿಗರಾದ ನಾವು ಹೆಚ್ಚು ಹಣ ಕೊಟ್ಟು ಹಂಚಿಕೊಳ್ಳಬೇಕು, ಅದಕ್ಕಾಗಿ ವರ್ಷಕ್ಕೆ ಎರಡು ಸಲ ಹೋಗುವವರು ಎರಡು ವರ್ಷಕ್ಕೊಮ್ಮೆ ಹೋದರೂ ಸರಿಯೇ.

ಹೊರೆಯ ವಿಷಯವನ್ನೂ ಹೇಳಿಬಿಡುತ್ತೇನೆ. ತನ್ನ ಬ್ಯಾಗನ್ನು ತಾನೇ ಹೊತ್ತವನೇ ಚಾರಣಿಗ, ಕುದುರೆಗೆ ಕೊಟ್ಟವನು ಪ್ರವಾಸಿ ಎಂಬ ಗರ್ವ ನಮ್ಮಲ್ಲಿ ಬೇರೂರಿದೆ. ಹತ್ತು-ಹನ್ನೆರಡು ಕಿಲೋ ಹೊತ್ತು ನಡೆಯುವ ಸಂತೋಷ ನನಗೆ ಗೊತ್ತು, ಹೊರಬಲ್ಲವರು ಹೊರಲಿ. ಆದರೆ ಅದನ್ನು ಯೋಗ್ಯತೆಯ ಅಳತೆ ಮಾಡುವುದು ಬೇಡ. ಅಳೆಯಲೇಬೇಕಿದ್ದರೆ ಬ್ಯಾಗಿನಲ್ಲಿ ಏನಿದೆ ಎಂಬುದನ್ನು ಅಳೆಯಿರಿ. ಹೊರೆಯನ್ನು ಕುದುರೆಗೆ ಕೊಟ್ಟರೂ ಒಂದು ಜೊತೆ ಒಣ ಬೆಚ್ಚನೆ ಬಟ್ಟೆ, ಮಳೆ ಅಂಗಿ, ಕೈಗವಸು, ಟಾರ್ಚು, ತಿನ್ನಲು ಒಂದಿಷ್ಟು ಬೆಲ್ಲ-ಕಡಲೆ ಸದಾ ಬೆನ್ನ ಮೇಲೇ ಇರಬೇಕು, ಏಕೆಂದರೆ ಕುದುರೆಗಳು ಮುಂದೆ ಹೋಗಿಬಿಟ್ಟಿರುತ್ತವೆ, ಮಳೆ ಪಾಸ್‌ನ ನೆತ್ತಿಯಲ್ಲೇ ಬರುತ್ತದೆ.

‘ಇಷ್ಟೆಲ್ಲ ಜಾಗ್ರತೆ ಮಾಡಿದರೆ ಸವಾಲು ಎಲ್ಲಿ ಉಳಿಯಿತು?’ ಎಂದು ಕಿರಿಯ ಗೆಳೆಯರು ಕೇಳುತ್ತಾರೆ. ಸವಾಲು ಎಲ್ಲೂ ಹೋಗುವುದಿಲ್ಲ. ನಾಲ್ಕು ಸಾವಿರ ಮೀಟರಿನಲ್ಲಿ ಒಂದು ಹೆಚ್ಚಿನ ದಿನ ಇಟ್ಟುಕೊಂಡು ನಡೆದರೂ ಉಸಿರು ಕಟ್ಟುತ್ತದೆ, ಮಂಡಿ ನೋಯುತ್ತದೆ, ರಾತ್ರಿ ನಿದ್ದೆ ಬಾರದು. ಹೆಚ್ಚಾಗುವುದು ನೋಡುವ ಅವಕಾಶ. ವಿಶನ್‌ಸರ್‌ನ ಮೇಲೆ ಸ್ವಲ್ಪ ದೂರದಲ್ಲೇ ಕಿಶನ್‌ಸರ್ ಇದೆ. ಮೇಲಿನದರ ನೀರು ಕೆಳಗಿನದಕ್ಕೆ ಬಂದು, ಅಲ್ಲಿಂದ ಹೊರಟ ತೊರೆ ಮುಂದೆ ಕಿಶನ್‌ಗಂಗಾ ನದಿಯಾಗಿ ಗುರೇಝ್ ಕಣಿವೆ ಹಾದು ಗಡಿ ದಾಟಿ, ನೀಲಂ ಎಂಬ ಹೆಸರಿನಲ್ಲಿ ಝೇಲಂ ಸೇರುತ್ತದೆ. ದಡದಲ್ಲಿ ಅರ್ಧ ಗಂಟೆ ನಿಂತು ಫೋಟೊ ತೆಗೆದು ಮುಂದಿನ ಪಾಸ್‌ಗೆ ಓಡುವವರಿಗೆ ಆ ನದಿ ಹುಟ್ಟುವುದನ್ನು ನೋಡಲು ಹೊತ್ತೆಲ್ಲಿ? ಒಂದು ಇಡೀ ದಿನ ಅಲ್ಲಿದ್ದವರಿಗೆ ಬೆಳಗಿನ ನೀರಿನ ಬಣ್ಣ ಮಧ್ಯಾಹ್ನಕ್ಕಿಲ್ಲ ಎಂದು ಗೊತ್ತಾಗುತ್ತದೆ. ಟ್ರೌಟ್ ಮೀನುಗಳು ಎಲ್ಲಿ ಏಳುತ್ತವೆ, ಮೋಡ ಯಾವ ಕಡೆಯಿಂದ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಗೊತ್ತಾಗುತ್ತದೆ. ಕುರಿ ಕಾಯುವವನ ಜೊತೆ ನಾಲ್ಕು ಮಾತಾಡಲು ಆಗುತ್ತದೆ.

ಮುಂದಿನ ಬೇಸಿಗೆಗೆ ಹೆಸರು ಕೊಡುವ ಮುನ್ನ ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ನಿಮ್ಮ ಸಂಘಟಕರನ್ನು ಕೇಳಿ: ಈ ಪಟ್ಟಿಯಲ್ಲಿ ಒಗ್ಗಿಕೊಳ್ಳಲು ಎಷ್ಟು ದಿನ, ಮಳೆಗೆಂದು ಮೀಸಲು ಎಷ್ಟು ದಿನ, ಒಬ್ಬರು ಕೆಳಗಿಳಿಯಬೇಕಾದರೆ ಜೊತೆಗೆ ಹೋಗಲು ಹೆಚ್ಚಿನ ಆಳು ಇದ್ದಾರೆಯೇ, ತಂಡ ನಿಲ್ಲಬೇಕೆಂದು ಲೀಡರ್ ಹೇಳಿದರೆ ಅವರ ಮಾತು ನಡೆಯುತ್ತದೆಯೇ. ಉತ್ತರ ‘ಇಲ್ಲ’ ಎಂದಾದರೆ ಹಣ ಕಟ್ಟಬೇಡಿ. ಮರಳುವ ವಿಮಾನದ ಟಿಕೆಟ್ಟನ್ನು ನಡಿಗೆ ಮುಗಿಯುವ ದಿನಕ್ಕಿಂತ ಎರಡು ದಿನ ನಂತರಕ್ಕೆ ಇಟ್ಟುಕೊಳ್ಳಿ. ನಿಮ್ಮ ಮಗಳೋ ತಮ್ಮನೋ ಸರೋವರ ನೋಡದೆ ಅರ್ಧದಿಂದ ವಾಪಸು ಬಂದರೆ ‘ಯಾಕೆ ಮುಗಿಸಲಿಲ್ಲ’ ಎಂದು ಕೇಳಬೇಡಿ. ‘ಸರಿಯಾದದ್ದನ್ನೇ ಮಾಡಿದೆ’ ಎನ್ನಿ, ಮತ್ತು ಇನ್ನೊಮ್ಮೆ ಹೋಗಲು ಹೆಚ್ಚು ರಜೆ ಸಿಗುವಂತೆ ನೋಡಿಕೊಳ್ಳಿ.